ಬ್ಯಾಟರಿ ಬದಲಿಸುವ ಮೊದಲು ಹೋಗಬೇಕಾದ ಮಂಡ್ಯದ ಅಂಗಡಿ

ಬೈಕು, ಸ್ಕೂಟರು, ಮೊಪೆಡ್‌ಗಳ ಬ್ಯಾಟರಿ ಚಾರ್ಜ್ ಆಗದಿದ್ದರೆ ಅಥವಾ ಲೈಟು ಮಂಕಾದರೆ ಮಂಡ್ಯದಲ್ಲಿ ಯಾರಿಗೆ ತೋರಿಸಬೇಕು ಎಂದು ಕೇಳುವವರಿಗೆ ನಾನು ಈಗ ಒಂದೇ ಅಂಗಡಿಯ ದಾರಿ ಹೇಳುತ್ತೇನೆ. ನೂರಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ಇರುವ, ಒಂದೇ ಶಟರಿನ, ಹೆಸರಿನ ಬೋರ್ಡೂ ಇಲ್ಲದ ಆಟೋ ಎಲೆಕ್ಟ್ರಿಕಲ್ ಅಂಗಡಿ ಅದು. ಅರವತ್ತು ದಾಟಿದ ಮಾಲೀಕರು, ಅವರ ಸೋದರಳಿಯ, ಇಬ್ಬರೇ ಕೆಲಸ ಮಾಡುತ್ತಾರೆ. ಅಲ್ಲಿ ಬಿಡಿಭಾಗ ಮಾರಾಟ ಇಲ್ಲವೆಂದೇ ಹೇಳಬೇಕು. ದೋಷ ಎಲ್ಲಿದೆ ಎಂದು ಅಳೆದು ಹುಡುಕುವುದಕ್ಕೆ ಅವರು ಕೂಲಿ ತೆಗೆದುಕೊಳ್ಳುತ್ತಾರೆ. ಬದಲಿಸಬೇಕಾದ ಸಾಮಾನು ಏನಾದರೂ ಇದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ನೀವೇ ತನ್ನಿ ಎನ್ನುತ್ತಾರೆ. ಈ ಒಂದು ಪದ್ಧತಿಯೇ ಆ ಅಂಗಡಿಯನ್ನು ಉಳಿದವುಗಳಿಂದ ಬೇರೆ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ನನ್ನದು 2018ರ ನೂರೈವತ್ತು ಸಿಸಿಯ ಬೈಕು. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುವ ವ್ಯವಸ್ಥೆ ಕಡ್ಡಾಯವಾಯಿತಾದ್ದರಿಂದ, ಇಂಥ ಗಾಡಿಯಲ್ಲಿ ಹಗಲಿನಲ್ಲೂ 35 ವ್ಯಾಟ್‌ನ ಬಲ್ಬು ಸುಮಾರು 3 ಆಂಪಿಯರ್ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಚಾರ್ಜಿಂಗ್‌ನಲ್ಲಿ ಚಿಕ್ಕ ಕೊರತೆ ಇದ್ದರೂ ಅದರ ಪೆಟ್ಟು ನೇರವಾಗಿ ಬ್ಯಾಟರಿಗೆ ಬೀಳುತ್ತದೆ. ಬಸರಾಳಿನ ಕಡೆಯ ನಮ್ಮ ಊರಿನಿಂದ ದಿನವೂ ಮಂಡ್ಯಕ್ಕೆ ಓಡಾಡುವ ಗಾಡಿ ಇದು. ಬೆಳಿಗ್ಗೆ ಸೆಲ್ಫ್ ತಿರುಗುತ್ತಿರಲಿಲ್ಲ, ಸಂಜೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಅದರ ತಾಳಕ್ಕೆ ತಕ್ಕಂತೆ ಕುಗ್ಗುತ್ತಿತ್ತು. ಊರಿನ ಹತ್ತಿರದ ಗ್ಯಾರೇಜೊಂದರಲ್ಲಿ ಬ್ಯಾಟರಿ ಬದಲಿಸಿದರು; ಕೆಲವು ತಿಂಗಳಲ್ಲಿ ಅದೂ ಕೈಕೊಟ್ಟಾಗ ಇನ್ನೊಂದು ಹಾಕಿದರು; ಆ ಹೊಸ ಬ್ಯಾಟರಿಯೂ ಸೋಲತೊಡಗಿದಾಗ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಬಿಚ್ಚಿ, ಕರೆಂಟು ಹುಟ್ಟಿಸುವ ಕಾಯಿಲ್ ಪ್ಲೇಟನ್ನೇ ಬದಲಿಸಬೇಕೆಂದು ಹೇಳಿದರು. ಅಷ್ಟು ದೊಡ್ಡ ಖರ್ಚಿಗೆ ಮೊದಲು ಇನ್ನೊಬ್ಬರ ಮಾತು ಕೇಳೋಣವೆಂದು ನಾನು ಈ ಅಂಗಡಿಗೆ ಬಂದೆ.

ಮಾಲೀಕರು ಗಾಡಿಯನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದರು: ರಾತ್ರಿ ನಿಲ್ಲಿಸಿದಾಗ ಚೆನ್ನಾಗಿದ್ದು ಬೆಳಿಗ್ಗೆ ಹೊತ್ತಿಗೆ ಸೋಲುತ್ತದೆಯೋ, ಇಲ್ಲವೇ ಓಡಿಸುತ್ತಿರುವಾಗಲೇ ಸೋಲುತ್ತದೆಯೋ? ಈ ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಿಂತಲ್ಲೇ ಸೋತರೆ ಎಲ್ಲೋ ಕರೆಂಟು ಸೋರುತ್ತಿದೆ ಅಥವಾ ಬ್ಯಾಟರಿಯೇ ಕೆಟ್ಟಿದೆ ಎಂದು ಅರ್ಥ. ಓಡುವಾಗ ಸೋತರೆ ಬರಬೇಕಾದ ಚಾರ್ಜು ಬರುತ್ತಿಲ್ಲ ಎಂದು ಅರ್ಥ. ನನಗೆ ಖಚಿತವಾಗಿ ಹೇಳಲಾಗಲಿಲ್ಲವಾದ್ದರಿಂದ ಅವರು ಎರಡನ್ನೂ ನೋಡಿದರು.

ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಿ, ಆ ಜಾಗದಲ್ಲಿ ಕರೆಂಟು, ವೋಲ್ಟೇಜು ಅಳೆಯುವ ಮೀಟರನ್ನು ಕರೆಂಟು ಅದರ ಮೂಲಕವೇ ಹರಿಯುವಂತೆ ಸಾಲಾಗಿ ಸೇರಿಸಿ ಸೋರಿಕೆ ಅಳೆದರು. ಗಡಿಯಾರವಿರುವ ಡಿಜಿಟಲ್ ಸ್ಪೀಡೋಮೀಟರ್ ಒಂದೆರಡು ಮಿಲಿಆಂಪಿಯರ್ ತೆಗೆದುಕೊಳ್ಳುವುದು ಸಹಜ. ಆದರೆ ಕಾಯಿಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾರ್ಪಡಿಸುವ ರೆಗ್ಯುಲೇಟರಿನ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟು 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್ ಅವರ್ ಹೋಗುತ್ತದೆ, ಅಂದರೆ 5 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿ ನಾಲ್ಕು ದಿನ ನಿಂತಲ್ಲೇ ನಿಂತರೆ ಬರಿದಾಗುತ್ತದೆ. ನನ್ನ ಗಾಡಿಯಲ್ಲಿ ಅಂಥ ಸೋರಿಕೆ ಇರಲಿಲ್ಲ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳುವವರು ಮೀಟರ್ ಸಾಲಿನಲ್ಲಿ ಇರುವಾಗ ಸೆಲ್ಫ್ ಒತ್ತಬಾರದು. ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರಾದರೆ ಮೀಟರೇ ಹೋಗುತ್ತದೆ.

ಆಮೇಲೆ ಬ್ಯಾಟರಿ. ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.8 ವೋಲ್ಟ್ ತೋರಿಸಬೇಕು. ನನ್ನದು 12.1 ತೋರಿಸಿತು, ಅಂದರೆ ಅರ್ಧಕ್ಕಿಂತ ಕಡಿಮೆ. ಆದರೆ ಕಡಿಮೆ ಇದೆ ಎಂದಮಾತ್ರಕ್ಕೆ ಕೆಟ್ಟಿದೆ ಎಂದು ಅವರು ಹೇಳಲಿಲ್ಲ. ಅದನ್ನು ತೆಗೆದು ಬೆಂಚಿನ ಮೇಲೆ ಅರ್ಧ ಆಂಪಿಯರಿನ ನಿಧಾನದ ಚಾರ್ಜಿಗೆ ಇಟ್ಟರು, ನನ್ನ ಗಾಡಿಯ ಪರೀಕ್ಷೆಗೆ ತಮ್ಮ ಬಳಿಯ ಒಳ್ಳೆಯ ಬ್ಯಾಟರಿಯೊಂದನ್ನು ಹಾಕಿದರು. ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಪಾಲಿನ ಕರೆಂಟಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಅನಂತರ ಅಳೆದರೆ ಮಾತ್ರ ಬ್ಯಾಟರಿಯ ನಿಜ ಸ್ಥಿತಿ ತಿಳಿಯುತ್ತದೆ ಎಂಬುದು ಅವರ ನಿಯಮ. ಚಾರ್ಜರಿನಿಂದ ತೆಗೆದ ಕೂಡಲೇ ಯಾವ ಬ್ಯಾಟರಿಯಾದರೂ ಚೆನ್ನಾಗಿಯೇ ಕಾಣುತ್ತದೆ.

ಎಂಜಿನ್ ಚಾಲೂ ಮಾಡಿ, ಥ್ರಾಟಲನ್ನು ಮಧ್ಯದ ವೇಗದಲ್ಲಿ ಹಿಡಿಯುವಂತೆ ಸೋದರಳಿಯನಿಗೆ ಹೇಳಿ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆದರು. 12.9 ವೋಲ್ಟ್. ಅಲ್ಲಿ 13.8ರಿಂದ 14.5ರೊಳಗೆ ಇರಬೇಕಿತ್ತು. ಇಲ್ಲಿಯವರೆಗೆ ಹಿಂದಿನ ಗ್ಯಾರೇಜಿನವರೂ ಬಂದಿದ್ದರು. ಇಲ್ಲಿಂದಲೇ ಅವರು ಕಾಯಿಲ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಹಾರಿದ್ದರು. ಇವರು ಹಾರಲಿಲ್ಲ. ಕಾಯಿಲಿನಿಂದ ಬರುವ ಮೂರು ಹಳದಿ ವೈರುಗಳ ಕಪ್ಲರ್ ಬಿಚ್ಚಿ, ಎಸಿಗೆ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿಗೆ) ಮೀಟರ್ ತಿರುಗಿಸಿ, ಜೋಡಿ ಜೋಡಿಯಾಗಿ ಅಳೆದರು. ಮೂರೂ ಅಳತೆ ಸಮವಾಗಿದ್ದವು, ವೇಗ ಏರಿಸಿದಂತೆ ಮೂರೂ ಒಟ್ಟಿಗೆ ಏರಿದವು. ಎಂಜಿನ್ ನಿಲ್ಲಿಸಿ, ಯಾವ ಹಳದಿ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡರು. ಕಾಯಿಲ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು, ಅದೂ ಮ್ಯಾಗ್ನೆಟ್ ಕವರಿನ ಒಂದು ಬೋಲ್ಟನ್ನೂ ಸಡಿಲಿಸದೆ.

ಕಪ್ಲರನ್ನು ಮತ್ತೆ ಸೇರಿಸಿ, ರೆಗ್ಯುಲೇಟರಿನ ಬುಡದಲ್ಲೇ ಕೆಂಪು ಮತ್ತು ಹಸಿರು ವೈರುಗಳ ನಡುವೆ ಅಳೆದಾಗ 14.1 ವೋಲ್ಟ್ ಬಂತು. ಅಂದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿದೆ, ಆದರೆ ಅದು ಕೊಟ್ಟ 14.1ರಲ್ಲಿ ಬ್ಯಾಟರಿಗೆ ಮುಟ್ಟುತ್ತಿರುವುದು 12.9 ಮಾತ್ರ. “ನಾಲೆ ತಲೇಲಿ ನೀರು ತುಂಬೈತೆ ಸಾರ್, ಕೊನೇ ಗದ್ದೆಗೆ ಬರ್ತಿಲ್ಲ,” ಎಂದರು. ನಡುವೆ ಕಳೆದುಹೋದ 1.2 ವೋಲ್ಟನ್ನು ಅವರು ಹುಡುಕಿದ ರೀತಿಯೇ ಇಡೀ ಕೆಲಸದ ತಿರುಳು. ಎಂಜಿನ್ ಓಡುತ್ತಿರುವಂತೆಯೇ ಮೀಟರಿನ ಒಂದು ವೈರಿನ ಮೊನೆಯನ್ನು ರೆಗ್ಯುಲೇಟರಿನ ಕೆಂಪು ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಇಟ್ಟರು: 0.1 ವೋಲ್ಟ್. ಆಮೇಲೆ ರೆಗ್ಯುಲೇಟರಿನ ಹಸಿರು ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದರು: 1.1 ವೋಲ್ಟ್. ಮೂರು ಅಂಕಿಗಳನ್ನು ಕೂಡಿದರೆ ಸರಿಯಾಗಿ 14.1. ದೋಷ ಅರ್ತಿನ ಕಡೆ, ಅಂದರೆ ಫ್ರೇಮಿನ ಮೂಲಕ ಹೋಗುವ ನೆಗೆಟಿವ್ ದಾರಿಯಲ್ಲಿ, ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸೀಟಿನ ಕೆಳಗೆ, ರೆಗ್ಯುಲೇಟರಿನ ಹಸಿರು ವೈರು ಫ್ರೇಮಿಗೆ ಸೇರುವ ಬೋಲ್ಟನ್ನು ಸೋದರಳಿಯ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ವೈರಿನ ತುದಿಯ ಲೋಹದ ಬಳೆಯಾದ ಲಗ್ಗಿನ ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದರ ಕೆಳಗೆ ಫ್ರೇಮಿನ ಬಣ್ಣ ಉಬ್ಬಿ ತುಕ್ಕು ಹಿಡಿದಿತ್ತು. ಹೊರಗಿನಿಂದ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇತ್ತು. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ನೀರು ಸೀಟಿನ ಕೆಳಗೆ ನುಗ್ಗಿ ಅಲ್ಲೇ ನಿಲ್ಲುವುದರಿಂದ ಈ ಜಾಗ ಹೀಗಾಗುತ್ತದೆ ಎಂದು ಮಾಲೀಕರು ಹೇಳಿದರು. ಹೊಳೆಯುವ ತಾಮ್ರ ಸಿಗುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಿ, ಹೊಸ ಲಗ್ ಒತ್ತಿ, ಅದರ ಮೇಲೆ ಬೆಸುಗೆಯನ್ನೂ ಹಾಕಿ, ಫ್ರೇಮನ್ನು ಮರಳು ಕಾಗದದಿಂದ ಲೋಹ ಕಾಣುವಷ್ಟು ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಕೊನೆಗೆ ಪೆಟ್ರೋಲಿಯಂ ಜೆಲ್ಲಿ ಬಳಿದರು. ಮತ್ತೆ ಅಳೆದಾಗ ಅರ್ತಿನ ಕಡೆಯ ನಷ್ಟ 0.05 ವೋಲ್ಟಿಗೆ ಇಳಿದಿತ್ತು, ಬ್ಯಾಟರಿಯಲ್ಲಿ 14.0 ಬಂದಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ವಿಷಯವೊಂದಿದೆ, ಏಕೆಂದರೆ ಬಹಳಷ್ಟು ಹಣ ಹಾಳಾಗುವುದು ಇದೇ ಜಾಗದಲ್ಲಿ. ಹಿಂದಿನ ಗ್ಯಾರೇಜಿನವರೂ ಅರ್ತ್ ನೋಡಿದ್ದರು. ಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ ಇಟ್ಟಾಗ ಬೀಪ್ ಬಂದಿತ್ತು, ಸರಿಯಿದೆ ಎಂದು ಬಿಟ್ಟಿದ್ದರು. ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಏಕೆಂದರೆ ಆ ಪರೀಕ್ಷೆಯಲ್ಲಿ ಮೀಟರ್ ಕಳಿಸುವ ಕರೆಂಟು ತೀರಾ ಅತ್ಯಲ್ಪ. ಓಮ್‌ನಲ್ಲಿ ಅಳೆದರೂ ಸಿಗುತ್ತಿರಲಿಲ್ಲ: ನಾಲ್ಕೈದು ಆಂಪಿಯರ್ ಹರಿಯುವಾಗ 1.1 ವೋಲ್ಟ್ ನುಂಗುವ ಕೀಲಿನ ರೋಧ ಕಾಲು ಓಮಿನ ಆಸುಪಾಸು, ಮೀಟರಿನ ಎರಡು ವೈರುಗಳ ರೋಧವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕರೆಂಟು ಹರಿಯುತ್ತಿರುವಾಗ ವೋಲ್ಟೇಜಿನ ನಷ್ಟವನ್ನು ಅಳೆಯುವುದೊಂದೇ ಇದಕ್ಕೆ ದಾರಿ. ಎಂಜಿನ್ ನಿಲ್ಲಿಸಿ ಎಲ್ಲ ಲೈಟು ಆರಿಸಿ ಅದೇ ಎರಡು ಜಾಗಗಳನ್ನು ಮಾಲೀಕರು ನನಗೆ ಅಳೆದು ತೋರಿಸಿದ್ದರು, ಕರೆಂಟು ಹರಿಯದಿದ್ದರಿಂದ ಮೀಟರ್ ಶೂನ್ಯ ತೋರಿಸಿತ್ತು. ಆರೋಗ್ಯವಾಗಿರುವ ಅರ್ತಿನಲ್ಲಿ ಈ ನಷ್ಟ 0.2 ವೋಲ್ಟನ್ನು ಮೀರಬಾರದು.

ಬ್ಯಾಟರಿಗಳು ಬೇಗ ಸತ್ತದ್ದಕ್ಕೂ ಇದೇ ಕಾರಣ. 12.9 ವೋಲ್ಟಿನಲ್ಲಿ ಲೆಡ್ ಆಸಿಡ್ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಕುಸಿಯುತ್ತದೆ. ಹೆಡ್‌ಲೈಟ್ ಮಂಕಾಗಿದ್ದುದೂ ಬೇರೆ ದೋಷವಲ್ಲ. ಫಿಲಮೆಂಟ್ ಇರುವ ಬಲ್ಬಿಗೆ ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಗಾಡಿ ಸರಿಯಾದ ಮೇಲೆ ಬಲ್ಬನ್ನೂ ಬದಲಿಸಿದ್ದೀರಾ ಎಂದು ಮನೆಯಲ್ಲಿ ಕೇಳಿದರು. ಬಲ್ಬು ಹಳೆಯದೇ. ನನ್ನ ಎರಡನೆಯ ಬ್ಯಾಟರಿಯೂ ರಾತ್ರಿಯ ಚಾರ್ಜಿನ ನಂತರ 12.6ರಲ್ಲಿ ನಿಂತಿತು, ಈಗಲೂ ಅದೇ ಗಾಡಿಯಲ್ಲಿದೆ. ಪರೀಕ್ಷೆಗೆ 200 ರೂಪಾಯಿ, ದುರಸ್ತಿಗೆ 150 ರೂಪಾಯಿ ತೆಗೆದುಕೊಂಡರು.

ಎಲ್ಲ ಗಾಡಿಗಳ ಕಥೆಯೂ ಒಂದೇ ಅಲ್ಲ, ಆ ವ್ಯತ್ಯಾಸವನ್ನು ಈ ಅಂಗಡಿಯವರು ಗಿರಾಕಿಗೆ ಬಿಡಿಸಿ ಹೇಳುತ್ತಾರೆ. ಹಳೆಯ ನೂರು ಸಿಸಿ ಬೈಕುಗಳಲ್ಲಿ, ಮೊಪೆಡ್‌ಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ. ಮ್ಯಾಗ್ನೆಟಿನ ಲೈಟಿಂಗ್ ಕಾಯಿಲಿನಿಂದ ನೇರವಾಗಿ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು ಮಾತ್ರ ಬ್ಯಾಟರಿಯವು. ಇಂಥ ಗಾಡಿಯ ಹೆಡ್‌ಲೈಟ್ ಐಡ್ಲಿಂಗಿನಲ್ಲಿ ಮಂಕಾಗಿ, ವೇಗ ಏರಿಸಿದಾಗ ಬೆಳಗುವುದು ರೋಗವಲ್ಲ, ಅದರ ಸ್ವಭಾವ. ಅದಕ್ಕಾಗಿ ಬ್ಯಾಟರಿ ಬದಲಿಸಿದರೆ ಲೈಟಿನಲ್ಲಿ ಏನೂ ವ್ಯತ್ಯಾಸ ಕಾಣದು. ವೇಗ ಏರಿಸಿದಾಗ ಬಲ್ಬು ಮತ್ತೆ ಮತ್ತೆ ಸುಟ್ಟುಹೋಗುತ್ತಿದ್ದರೆ ಆಗ ರೆಗ್ಯುಲೇಟರನ್ನು, ಅದರ ಅರ್ತನ್ನು ನೋಡಬೇಕು.

ನಾನು ಕೂತಿದ್ದಾಗಲೇ ಹಿರಿಯ ರೈತರೊಬ್ಬರು ಟಿಲ್ಲರಿನ ಲ್ಯಾಂಪನ್ನು ಕಳಚಿ ತಂದಿದ್ದರು, ಬಲ್ಬು ನಿಲ್ಲುತ್ತಿಲ್ಲವೆಂದು. ಬ್ಯಾಟರಿಯೂ ಇಲ್ಲದ, ರೆಗ್ಯುಲೇಟರೂ ಇಲ್ಲದ ಸಣ್ಣ ಎಂಜಿನ್ನುಗಳಲ್ಲಿ ಕಾಯಿಲ್ ಕೊಡುವ ಕರೆಂಟಿಗೆ ತಕ್ಕ ವ್ಯಾಟಿನ ಬಲ್ಬೇ ವೋಲ್ಟೇಜನ್ನು ಹಿಡಿತದಲ್ಲಿಡುತ್ತದೆ. ಅವರು ಅಂಗಡಿಯಲ್ಲಿ ಸಿಕ್ಕಿದ ಕಡಿಮೆ ವ್ಯಾಟಿನ ಬಲ್ಬು ಹಾಕಿದ್ದರು. “ಚಿಕ್ಕ ಬಲ್ಬು ಹಾಕುದ್ರೆ ಉಳೀತದೆ ಅಂದ್ಕೋಬ್ಯಾಡಿ ಯಜಮಾನ್ರೆ, ಅದುಕ್ಕೇ ಓಲ್ಟೇಜು ಜಾಸ್ತಿಯಾಗಿ ಸುಟ್ಟೋಯ್ತದೆ,” ಎಂದು ಮಾಲೀಕರು ತಾಳ್ಮೆಯಿಂದ ತಿಳಿಸಿ, ಹಳೆಯ ಬಲ್ಬಿನ ತಲೆಯ ಮೇಲೆ ಅಚ್ಚಾಗಿದ್ದ ಅಂಕಿಯನ್ನು ಓದಿ ಚೀಟಿ ಬರೆದುಕೊಟ್ಟರು. ರೆಗ್ಯುಲೇಟರ್ ಇಲ್ಲದ ಹಳೆಯ ಮೊಪೆಡ್‌ಗಳಲ್ಲಿ ಹೆಡ್‌ಲೈಟ್ ಬಲ್ಬು ಹೋದ ಬೆನ್ನಿಗೇ ಹಿಂದಿನ ಬಲ್ಬೂ ಹೋಗುವುದಕ್ಕೆ ಕಾರಣ ಇದೇ. ಆ ಸಲಹೆಗೆ ಅವರು ಹಣ ತೆಗೆದುಕೊಳ್ಳಲಿಲ್ಲ.

ಅವರ ಸಾಮಾನುಗಳ ಬಗ್ಗೆಯೂ ಹೇಳಬೇಕು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು, ಅದರ ಪಕ್ಕದಲ್ಲಿ ಹಳೆಯ ಮುಳ್ಳಿನ ಮೀಟರ್ ಒಂದು. ಸ್ಪಾರ್ಕಿನ ಗದ್ದಲಕ್ಕೆ ಅಗ್ಗದ ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯತೊಡಗಿದರೆ ಮುಳ್ಳಿನ ಮೀಟರ್ ಸ್ಥಿರವಾಗಿ ತೋರಿಸುತ್ತದೆ. ಇವೆರಡಕ್ಕಿಂತ ಹೆಚ್ಚು ಬಾರಿ ಅವರ ಕೈಗೆ ಬರುವುದು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು, ಒಂದು ಮೊಸಳೆ ಕ್ಲಿಪ್ಪು ಬೆಸೆದ ಟೆಸ್ಟ್ ಲ್ಯಾಂಪು. ಅದು ಉರಿಯಲು ಸುಮಾರು 1.75 ಆಂಪಿಯರ್ ಬೇಕಾದ್ದರಿಂದ, ಒಳಗೇ ತುಂಡಾಗಿ, ಕಿಲುಬು ಹಿಡಿದ ಒಂದೆರಡು ಎಳೆಗಳಲ್ಲಿ ನೇತಾಡುತ್ತಿರುವ ವೈರಿನಲ್ಲಿ ಮೀಟರ್ 12 ವೋಲ್ಟ್ ತೋರಿಸಿದರೂ ಈ ಬಲ್ಬು ಮಿಣುಕುತ್ತದೆ. ಹುಲ್ಲಿನ ಹೊರೆ ಹೊತ್ತು ಓಡಾಡುವ ಮೊಪೆಡ್ಡೊಂದರ ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಲೈಟು ಆರುತ್ತಿದ್ದುದನ್ನು, ಸ್ಟೀರಿಂಗ್ ಕುತ್ತಿಗೆಯ ಬಳಿ ವೈರಿನ ಕಟ್ಟನ್ನು ಬೆರಳಿನಿಂದ ಅಲುಗಿಸುತ್ತಾ ಇದೇ ಬಲ್ಬಿನಿಂದ ಸೋದರಳಿಯ ನೋಡನೋಡುತ್ತಿದ್ದಂತೆ ಪತ್ತೆಹಚ್ಚಿದ.

ಮಾಲೀಕರು ಕೆಲಸ ಕಲಿತದ್ದು ಮೈಸೂರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳು ಊರ ತುಂಬ ಓಡಾಡುತ್ತಿದ್ದ ಕಾಲದಲ್ಲಿ. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಹಳೆಯ ಗಾಡಿಗಳದು 6 ವೋಲ್ಟಿನ ಡೈನಮೊ; ಕಾರ್ಬನ್ ಬ್ರಷ್ ಸವೆದರೆ, ಆ ಬ್ರಷ್ ಉಜ್ಜುವ ಕಮ್ಯುಟೇಟರ್ ಮಸಿಯಾದರೆ, ಡೈನಮೊವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಕಟೌಟಿನ ಪಾಯಿಂಟುಗಳು ಅಂಟಿಕೊಂಡರೆ ಒಂದೊಂದು ಬಗೆಯ ತೊಂದರೆ. ಪಾಯಿಂಟು ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿ ಡೈನಮೊದ ಮೂಲಕವೇ ಬರಿದಾಗುತ್ತದೆ. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ಕಳೆದುಕೊಂಡರೆ ಹನ್ನೆರಡನೇ ಒಂದು ಪಾಲು ಹೋದಂತೆ. ಆ ಗಾಡಿಗಳಲ್ಲಿ ಕೈ ಪಳಗಿಸಿಕೊಂಡವರಿಗೆ ಒಂದೊಂದು ಕೀಲನ್ನೂ ಉಜ್ಜಿ ಬಿಗಿಯುವ ಅಭ್ಯಾಸ ತಾನಾಗಿಯೇ ಬಂದಿರುತ್ತದೆ. ಈಗಲೂ ಹಳೆಯ ಯೆಜ್ಡಿ ಇಟ್ಟುಕೊಂಡವರು ಮೈಸೂರಿನಿಂದ ಇಲ್ಲಿಗೆ ಬರುತ್ತಾರೆ.

ಹೆಚ್ಚುವರಿ ಎಲ್‌ಇಡಿ ಲೈಟು ಹಾಕಿಸಿಕೊಳ್ಳಲು ಬರುವ ಹುಡುಗರನ್ನು ಅವರು ಸಾಮಾನ್ಯವಾಗಿ ವಾಪಸು ಕಳಿಸುತ್ತಾರೆ. 20 ವ್ಯಾಟಿನ ಎರಡು ಲೈಟೆಂದರೆ 3 ಆಂಪಿಯರಿಗೂ ಮಿಗಿಲು, ಸಣ್ಣ ಗಾಡಿಯ ಕಾಯಿಲಿಗೆ ಅಷ್ಟು ಹೆಚ್ಚುವರಿ ಶಕ್ತಿ ಇರುವುದಿಲ್ಲ, ಕಡಿಮೆ ಬಿದ್ದದ್ದು ಬ್ಯಾಟರಿಯಿಂದ ಹೋಗುತ್ತದೆ. ಸುಲಭವಾಗಿ ಬರುವ ಹಣವನ್ನು ಹೀಗೆ ಬಿಡುವ ಅಂಗಡಿಯ ಮೇಲೆ ನನಗೆ ನಂಬಿಕೆ ಹುಟ್ಟಿತು.

ತಕರಾರುಗಳೂ ಇವೆ. ಒಂದು ಗಾಡಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ಹತ್ತು ನಿಮಿಷದ ಕೆಲಸ ಇರುವವರೂ ಸರದಿಯಲ್ಲಿ ಕಾಯಬೇಕು. ಕೂರಲು ಒಂದು ಬೆಂಚು ಬಿಟ್ಟರೆ ನೆರಳಿಲ್ಲ. ಬಿಲ್ಲು ಕೊಡುವುದಿಲ್ಲ, ಫೋನು ಎತ್ತುವುದು ಅಪರೂಪ. ಅಳತೆಗಳನ್ನು ಬಾಯಲ್ಲಿ ಹೇಳುತ್ತಾರೆಯೇ ಹೊರತು ಬರೆದುಕೊಡುವುದಿಲ್ಲ, ನನ್ನ ಅಂಕಿಗಳನ್ನು ನಾನೇ ಬರೆದುಕೊಂಡೆ. ಸಾಮಾನು ಇಟ್ಟುಕೊಳ್ಳದಿರುವುದು ಪ್ರಾಮಾಣಿಕತೆಗೆ ಒಳ್ಳೆಯದಾದರೂ, ಇಂಡಿಕೇಟರ್ ಮಿನುಗಿಸುವ ಒಂದು ಫ್ಲಾಷರಿಗೋ ಫ್ಯೂಸಿಗೋ ಗಿರಾಕಿ ಪೇಟೆಗೆ ಓಡಬೇಕಾಗುವುದು ಕಿರಿಕಿರಿಯೇ. ಫ್ಯೂಸು, ಬಲ್ಬಿನಂಥ ಸಣ್ಣ ಸಾಮಾನನ್ನಾದರೂ ಇಟ್ಟುಕೊಳ್ಳಬೇಕೆಂದು ನಾನು ಅವರಿಗೇ ಹೇಳಿದ್ದೇನೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಗಳ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ತೊಂದರೆಗಳಿಗೆ ಅವರು ಕೈ ಹಾಕುವುದಿಲ್ಲ, ಅದಕ್ಕೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ ಎಂದು ಮೊದಲೇ ಹೇಳುತ್ತಾರೆ.

ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆಯ ಹೊತ್ತು ಊರಿಗೆ ಮರಳುವವರ ಗಾಡಿಗಳೇ ಸಾಲಾಗಿ ನಿಂತಿರುತ್ತವೆ. ಬ್ಯಾಟರಿಯನ್ನು ಬೇರೆಡೆ ಚಾರ್ಜ್ ಮಾಡಿಸಿಕೊಂಡು ಒಯ್ಯಬೇಡಿ, ಇರುವ ಸ್ಥಿತಿಯಲ್ಲೇ ಒಯ್ದರೆ ದೋಷ ಬೇಗ ಸಿಗುತ್ತದೆ. ಇತ್ತೀಚೆಗೆ ಏನನ್ನು ಬದಲಿಸಿದ್ದೀರಿ, ಯಾವ ಲೈಟನ್ನು ಹೆಚ್ಚಿಗೆ ಹಾಕಿಸಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬ್ಯಾಟರಿ ರಾತ್ರಿ ಅಲ್ಲೇ ಉಳಿಯಬೇಕಾಗಬಹುದು. ಸೆಲ್ಫ್ ಜೊತೆಗೆ ಕಿಕ್ಕರ್ ಕೂಡ ಇರುವ ಗಾಡಿಯಾದರೂ ಬ್ಯಾಟರಿ ಇಲ್ಲದೆ ಓಡಿಸಬೇಡಿ, ಅವರು ಕೊಡುವ ಬದಲಿ ಬ್ಯಾಟರಿಯನ್ನು ಹಾಕಿಸಿಕೊಂಡೇ ಹೊರಡಿ. ಅದಕ್ಕೆ ಬಾಡಿಗೆ ಕೇಳುವುದಿಲ್ಲ, ಮಾರನೆಯ ದಿನ ಮರಳಿಸಿದರೆ ಸಾಕು.